ಬೋಟಿನ ತಳಕ್ಕೆ ತೂತು, ಅಪ್ಪನಿಗೆ ಫೋನ್

ಈ ದೃಶ್ಯದಲ್ಲಿ ಡ್ರಿಲ್ ಹಿಡಿದು ಸುಮ್ಮನೆ ನಿಂತಿರುವವನು ನಾನೇ. ಕ್ಯಾಮೆರಾ ಓಡುತ್ತಿದೆ, ಡ್ರಿಲ್ ಓಡುತ್ತಿಲ್ಲ. ನೀರಿಗಿಳಿಸಿದರೆ ನೆಟ್ಟಗೆ ತೇಲುವ ಬೋಟಿನ ತಳಕ್ಕೆ ಕೈಯಾರೆ ತೂತು ಕೊರೆಯುವ ಕೆಲಸಕ್ಕೆ ಧೈರ್ಯ ಒಟ್ಟುಗೂಡಲು ನನಗೆ ಪೂರ್ತಿ ಆರು ನಿಮಿಷ ಬೇಕಾಯಿತು. ನಿಮಗಾಗಿ ಅದನ್ನು ಆರು ಸೆಕೆಂಡಿಗೆ ಕತ್ತರಿಸಿದ್ದೇನೆ.

ಜಾಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶ, ಗೆಳೆಯನ ಶೆಡ್. ಬೋಟ್ ಕೂಡ ಅವನದೇ. ಹದಿನೆಂಟು ಅಡಿಯ ಹಳೆಯ ಫೈಬರ್ ಬೋಟ್, ಒಳಗೆ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಹಿಂಬದಿಯಲ್ಲಿ ಪ್ರೊಪೆಲ್ಲರ್ ಹೊತ್ತು ನೀರಿಗಿಳಿಯುವ ಸ್ಟರ್ನ್‌ಡ್ರೈವ್ ಕಾಲು. ಬಹಳ ವರ್ಷ ಕಡಲ ತೀರದಲ್ಲಿ ದುಡಿದು, ಕೊನೆಗೆ ಲಾರಿ ಹತ್ತಿ ಘಟ್ಟ ಏರಿ ಬಂದಿದೆ. ಈಗ ತಿ. ನರಸೀಪುರ ರಸ್ತೆಯ ವರುಣಾ ಕೆರೆಯಲ್ಲಿ ಅದರ ನಿವೃತ್ತ ಜೀವನ. ನಿವೃತ್ತಿಯಲ್ಲೂ ಕಾಯಿಲೆ ತಪ್ಪಿಲ್ಲ: ಹತ್ತು ನಿಮಿಷ ಓಡಿದರೆ ಜ್ವರ.

ಕಾರಣ ಇಲ್ಲಿದೆ ನೋಡಿ. ಇದಕ್ಕೆ ಕಾರಿನಂತೆ ರೇಡಿಯೇಟರ್ ಇಲ್ಲ. ಕೆರೆಯ ನೀರನ್ನೇ ಎಳೆದುಕೊಂಡು, ಎಂಜಿನ್ನಿನೊಳಗೆ ಸುತ್ತಿಸಿ, ಕೊನೆಗೆ ಹೊಗೆಯ ಜೊತೆ ಬೆರೆಸಿ ಕೆರೆಗೇ ಬಿಡುತ್ತದೆ. ನೀರು ಒಳಗೆ ಬರುವುದು ಕಾಲಿನ ಪಕ್ಕದ ಈ ಸಣ್ಣ ಸೀಳುಗಳಿಂದ. ಆ ನೀರನ್ನು ಎಳೆಯುವ ರಬ್ಬರ್ ಇಂಪೆಲ್ಲರ್, ಅಂದರೆ ಪಂಪಿನ ರೆಕ್ಕೆಚಕ್ರ, ಕೂಡ ಆ ಕಾಲಿನೊಳಗೇ ಇದೆ. ಅದನ್ನು ಬದಲಿಸಬೇಕೆಂದರೆ ಕಾಲಿನ ಕೆಳಭಾಗವನ್ನೇ ಬಿಚ್ಚಬೇಕು. ಮೊದಲೇ ಉಪ್ಪು ತಿಂದ ಹಳೆಯ ದಾರಿ. ಅದರ ಮೇಲೆ ಸೀಳುಗಳಿಗೆ ನಮ್ಮ ಕೆರೆಯ ಪಾಚಿ, ಜೊಂಡು. ನೀರು ನಿಂತರೆ ಎಂಜಿನ್ ಮಾತ್ರವಲ್ಲ, ಹೊಗೆ ಸಾಗುವ ರಬ್ಬರ್ ಕೊಳವೆಗಳೂ ಸುಡುತ್ತವೆ. ಅವುಗಳನ್ನು ತಣ್ಣಗಿಡುವುದೂ ಇದೇ ನೀರು.

ಹಾಗಾಗಿ ತೀರ್ಮಾನ: ತಳದಲ್ಲಿ ಹೊಸ ಬಾಯಿ, ಅದರ ಮೇಲೊಂದು ವಾಲ್ವ್, ಕೈಗೆಟಕುವಂತೆ ಒಂದು ಜರಡಿ ಡಬ್ಬಿ, ಎಂಜಿನ್ನಿನ ಮುಂದೆ ಬೆಲ್ಟಿನಿಂದ ತಿರುಗುವ ಹೊಸ ಪಂಪ್. ಕಾಲಿನೊಳಗಿನ ಹಳೆಯ ಇಂಪೆಲ್ಲರ್ ತೆಗೆದು, ಆ ದಾರಿಯನ್ನು ಮುಚ್ಚಿದೆ. ಮುಚ್ಚಿದ ದಾರಿಯಲ್ಲಿ ಅದನ್ನು ಸುತ್ತಲು ಬಿಟ್ಟರೆ ಬಿಸಿಯಾಗಿ ಚೂರುಚೂರಾಗುತ್ತದೆ.

ಯೋಜನೆಯನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಅಪ್ಪ ಮದ್ದೂರಿನ ಕಡೆ ಪಂಪ್‌ಸೆಟ್ ಮೆಕ್ಯಾನಿಕ್. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಅವರು ಬಿಚ್ಚದ ಪಂಪ್ ಕಡಿಮೆ. ಎಲ್ಲ ಕೇಳಿಸಿಕೊಂಡು, “ಅಂದರೆ ಫುಟ್‌ವಾಲ್ವ್ ಇಲ್ಲದ ಸಕ್ಷನ್ ಲೈನ್. ಅಷ್ಟೇ ತಾನೆ?” ಎಂದರು. ಪಂಪ್ ನೀರೆಳೆಯುವ ಕಡೆ ಸಕ್ಷನ್, ಹೊರದೂಡುವ ಕಡೆ ಡೆಲಿವರಿ; ಫುಟ್‌ವಾಲ್ವ್ ಎಂದರೆ ಸಕ್ಷನ್ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್. ನಾನು ಹತ್ತು ನಿಮಿಷ ಹೇಳಿದ್ದು ಅಷ್ಟೇ.

ತೂತು ಎಲ್ಲಿ ಹಾಕುವುದು ಎಂಬುದಕ್ಕೇ ಒಂದು ಇಡೀ ದಿನ ಹೋಯಿತು. ವೇಗದಲ್ಲಿ ಬೋಟಿನ ಮೂತಿ ಮೇಲೇಳುತ್ತದೆ, ಹಿಂಭಾಗ ಮಾತ್ರ ನೀರಿನಲ್ಲಿ ಉಳಿಯುತ್ತದೆ; ಆದ್ದರಿಂದ ಹಿಂದೆಯೇ ಇರಬೇಕು. ಆದರೆ ಪ್ರೊಪೆಲ್ಲರಿನ ನೇರ ಮುಂದೆ ಇರಬಾರದು. ಬಾಯಿ ಎಬ್ಬಿಸುವ ಗುಳ್ಳೆಗಳು ರೆಕ್ಕೆಗಳಿಗೆ ಹೋದರೆ ಪ್ರೊಪೆಲ್ಲರ್ ನೀರನ್ನು ಹಿಡಿಯದೆ ಬರಿದೇ ಸುತ್ತುತ್ತದೆ. ತಳದಲ್ಲಿ ಉದ್ದಕ್ಕೂ ಇರುವ ಈ ಏಣುಗಳ ಬೆನ್ನಿಗೂ ಬೇಡ, ಅಲ್ಲಿಯೂ ಗಾಳಿ ಬೆರೆತ ನೀರೇ. ಎಲ್ಲ ಅಳೆದು ಪೆನ್ಸಿಲಿನಿಂದ ಗುರುತು ಹಾಕಿ ಹಿಂದೆ ಸರಿದು ನೋಡಿದರೆ, ಗುರುತು ಬಿದ್ದಿದ್ದು ಟ್ರೇಲರಿನ ಮರದ ಪಟ್ಟಿಯ ನೇರಕ್ಕೆ! ಬೋಟನ್ನು ಮೊದಲ ಬಾರಿ ಟ್ರೇಲರಿಗೆ ಎಳೆದಾಗಲೇ ಕಂಚಿನ ಬಾಯಿ ಕಿತ್ತು ಬರುತ್ತಿತ್ತು. ಗುರುತನ್ನು ಒಂದು ಗೇಣು ಒಳಕ್ಕೆ ಸರಿಸಿದೆ.

ಕಂಚು ಎಂದೆ. ಗೆಳೆಯ ಹಾರ್ಡ್‌ವೇರ್ ಅಂಗಡಿಯಿಂದ ಹೊಳೆಯುವ ಹಿತ್ತಾಳೆ ವಾಲ್ವ್ ತಂದಿದ್ದ, ಅಗ್ಗ ಎಂದು. ಹಿತ್ತಾಳೆಯಲ್ಲಿ ಸತುವಿನ ಪಾಲು ಹೆಚ್ಚು. ನೀರಿನಲ್ಲೇ ಇದ್ದರೆ, ಅದರಲ್ಲೂ ಉಪ್ಪುನೀರಿನಲ್ಲಿ, ಸತು ಕರಗಿ ಹೋಗಿ ಉಳಿದ ತಾಮ್ರ ಸ್ಪಂಜಿನಂತಾಗುತ್ತದೆ. ನಮ್ಮದು ಸಿಹಿನೀರು, ಅಷ್ಟು ಬೇಗ ಹಾಗಾಗುವುದಿಲ್ಲ ಎಂದು ಅವನ ವಾದ. ನೀರಿನ ಮಟ್ಟಕ್ಕಿಂತ ಕೆಳಗೆ ಕೂರುವ ವಸ್ತುವಿನಲ್ಲಿ ಚೌಕಾಸಿ ಬೇಡ ಎಂದು ನನ್ನ ವಾದ. ವಾಲ್ವ್ ಈಗ ಅವನ ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಕೊನೆಗೆ ಕೊರೆದೆ. ಒಳಗಿನಿಂದ ಸಣ್ಣ ತೂತು, ಆಮೇಲೆ ಹೊರಗಿನಿಂದ ಹೋಲ್‌ಸಾ, ಅಂದರೆ ದುಂಡಗೆ ಕತ್ತರಿಸುವ ಗರಗಸ. ಬಂದ ಬಿಲ್ಲೆಯನ್ನು ನೋಡಿ: ಗಟ್ಟಿ ಫೈಬರ್, ನಡುವೆ ಮರವಿಲ್ಲ. ಮರವಿದ್ದಿದ್ದರೆ ಅದರ ಅಂಚಿಗೆಲ್ಲ ಎಪಾಕ್ಸಿ ಕುಡಿಸಿ ಒಣಗಿಸಬೇಕಿತ್ತು, ಇಲ್ಲದಿದ್ದರೆ ನೀರು ಹೀರಿ ಒಳಗೊಳಗೇ ಕೊಳೆಯುತ್ತದೆ. ಪಾಲಿಸಲ್ಫೈಡ್ ಸೀಲೆಂಟ್ ಧಾರಾಳವಾಗಿ ಮೆತ್ತಿ, ಕಂಚಿನ ಬಾಯಿಯನ್ನು ಅದರ ಜರಡಿಯ ಸೀಳುಗಳು ಮುಂದಕ್ಕೆ ಮುಖ ಮಾಡುವಂತೆ ಕೂರಿಸಿದೆ. ಒಳಗೆ ದಪ್ಪನೆಯ ಹಲಗೆಯ ಆಸರೆ, ಅದರ ಮೇಲೆ ವಾಲ್ವ್. ಬೋಟಿನವರು ಇದನ್ನು ಸೀಕಾಕ್ ಎನ್ನುತ್ತಾರೆ. ಪೈಪ್ ಒಡೆದರೆ ಕೆರೆಯನ್ನು ಹೊರಗೇ ನಿಲ್ಲಿಸುವುದು ಈ ಒಂದು ಹಿಡಿ. ಪೈಪಿನೊಳಗೆ ತಂತಿಯ ಸುರುಳಿ ಇದೆ. ಬರಿಯ ರಬ್ಬರ್ ಪೈಪಾದರೆ ಪಂಪ್ ಎಳೆಯುವ ರಭಸಕ್ಕೆ ಕೆನ್ನೆ ಒಳಸೇರಿದಂತೆ ಚಪ್ಪಟೆಯಾಗುತ್ತದೆ.

ಇದು ವರುಣಾ ಕೆರೆ, ಬೆಳಿಗ್ಗೆ ಏಳು ಗಂಟೆ. ಬೋಟ್ ಟ್ರೇಲರಿನ ಮೇಲಿರುವಾಗಲೇ ಅರ್ಧ ನೀರಿಗಿಳಿಸಿ ಒಳಗೆ ಕೈ ಆಡಿಸಿದೆ. ಎಲ್ಲ ಒಣ. ಎಂಜಿನ್ ನಿಧಾನದಲ್ಲಿ ಓಡುವಾಗ 70 ಡಿಗ್ರಿ ಸೆಲ್ಸಿಯಸ್, ಚಂದ. ವೇಗ ಹೆಚ್ಚಿಸಿದೆ. ಮುಳ್ಳು 80, 85, 90! ಹೊಸ ಬಾಯಿ, ಹೊಸ ಪಂಪ್, ಹಳೆಯದೇ ಜ್ವರ. ಎಂಜಿನ್ ನಿಲ್ಲಿಸಿ ಕೆರೆಯ ನಡುವೆ ಕುಳಿತೆವು. ಗೆಳೆಯನ ಮುಖವನ್ನು ಇಲ್ಲಿ ಮಸುಕಾಗಿಸಿದ್ದೇನೆ, ಅವನ ಮಾತನ್ನೂ.

ಅಪ್ಪನಿಗೆ ಮತ್ತೆ ಫೋನ್. “ಎಲ್ಲಿಯೂ ಸೋರುತ್ತಿಲ್ಲ ಅಪ್ಪಾ, ಒಂದು ಹನಿಯೂ ಇಲ್ಲ.”

“ಡೆಲಿವರಿ ಕಡೆ ಸೋರಿದರೆ ನೆಲ ನೆನೆಯುತ್ತದೆ. ಸಕ್ಷನ್ ಕಡೆ ಸೋರಿದರೆ ಏನು ನೆನೆಯುತ್ತದೆ? ಹನಿ ಹುಡುಕಬೇಡ, ಗಾಳಿ ಹುಡುಕು.”

ಹುಡುಗನಾಗಿದ್ದಾಗ ಎಷ್ಟು ಸಲ ನೋಡಿಲ್ಲ! ಸಕ್ಷನ್ ಪೈಪಿನ ಜಾಯಿಂಟಿಗೆ ಕೆಸರು ಮೆತ್ತುವುದು, ಪಂಪಿನ ಬಾಯಿಗೆ ಸಗಣಿ ನೀರು ಸುರಿಯುವುದು, ಎಲ್ಲವೂ ನೀರಿನ ಬದಲು ಪೈಪಿಗೆ ನುಗ್ಗುವ ಈ ಗಾಳಿಯನ್ನು ತಡೆಯಲಿಕ್ಕೇ. ಅಪ್ಪ ಹೇಳಿದಂತೆ ಒಂದೊಂದೇ ಜಾಯಿಂಟಿಗೆ ಗ್ರೀಸ್ ಹಚ್ಚಿ ಎಂಜಿನ್ ಓಡಿಸುತ್ತಾ ಬಂದೆ. ಕ್ಲಿಪ್ಪುಗಳ ಬಳಿ ಏನೂ ಆಗಲಿಲ್ಲ. ಜರಡಿ ಡಬ್ಬಿಯ ಮುಚ್ಚಳದ ಅಂಚಿಗೆ ಹಚ್ಚಿದಾಗ, ನೋಡಿ, ಗ್ರೀಸ್ ಒಳಕ್ಕೆ ಸೇದಿ ಹೋಗುತ್ತಿದೆ. ಬೋಟ್ ತೇಲುವಾಗಲೂ ತೆರೆಯಬಹುದೆಂದು ಡಬ್ಬಿಯನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟಿದ್ದೆ; ಹಾಗಾಗಿ ಅದು ಹನಿ ಜಿನುಗಿ ಸುಳಿವು ಕೊಡುವ ಮಾತೇ ಇರಲಿಲ್ಲ. ಮುಚ್ಚಳ ಬಿಚ್ಚಿದರೆ ರಬ್ಬರ್ ಉಂಗುರದ ಕೆಳಗೆ ಫೈಬರ್ ಪುಡಿಯ ಒಂದು ಕಣ. ನಾನು ಕೊರೆದಾಗ ಹಾರಿದ್ದು, ಒರೆಸದೆ ಬಿಟ್ಟಿದ್ದು.

ಒರೆಸಿ, ಉಂಗುರಕ್ಕೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ ಮುಚ್ಚಿದೆ. ಅದೇ ವೇಗ, ಅದೇ ದೂರ. ಮುಳ್ಳು 72ರಲ್ಲಿ ನಿಂತಿತು. ಕೆರೆಯನ್ನು ಮೂರು ಸುತ್ತು ಹಾಕಿದೆವು, ಮೂರನೆಯದು ಬರಿಯ ಖುಷಿಗೆ.

ದಡಕ್ಕೆ ಬಂದು ಜರಡಿ ತೆರೆದಾಗ ಸಿಕ್ಕಿದ್ದು ಇವು: ಒಂದು ಹಿಡಿ ಪಾಚಿ, ಅಂತರಗಂಗೆಯ ಬೇರು, ಎರಡು ಪುಟ್ಟ ಬಸವನಹುಳು, ಶಾಂಪೂ ಪೊಟ್ಟಣದ ಅರ್ಧ ತುಂಡು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಉತ್ತರ ಬಂದಿದ್ದು ರಾತ್ರಿ ಊಟದ ಹೊತ್ತಿಗೆ: “ಹುಳುಗಳನ್ನು ಕೆರೆಗೆ ಬಿಟ್ಟೆ ತಾನೆ?”