ಕಾರ್ಡ್ ಹೋಗಿದೆ ಅನ್ನುವ ಮುಂಚೆ

ನಮಸ್ಕಾರ. ಹಳೇ ಡೆಸ್ಕ್‌ಟಾಪ್ ಒಂದು ತೊಂದರೆ ಕೊಡಲು ಶುರು ಮಾಡುತ್ತದೆ. ಸ್ಕ್ರೀನ್ ಮೇಲೆ ಬಣ್ಣಬಣ್ಣದ ಚೌಕಗಳು, ಗೆರೆಗಳು ಬರುತ್ತವೆ. ಫೋಟೋಶಾಪ್‌ನಲ್ಲಿ ದೊಡ್ಡ ಫೈಲ್ ತೆರೆದರೆ ಎಲ್ಲಾ ಕಪ್ಪಾಗುತ್ತದೆ. ಗೇಮ್ ಮಧ್ಯೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ರಿಪೇರಿಗೆ ಒಯ್ದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ: "ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ." ಸ್ಕ್ರೀನ್ ಮೇಲೆ ಚಿತ್ರ ಮೂಡಿಸುವ ಭಾಗ ಅದು.

ಈ ಐದು ನಿಮಿಷದ ತೀರ್ಪಿನ ಮೇಲೆ ನನಗೆ ಸಿಟ್ಟಿದೆ. ಯಾಕಂದ್ರೆ ಇದರಲ್ಲಿ ದುಡ್ಡು ಕಳೆದುಕೊಳ್ಳುವವರು ಗೇಮ್ ಆಡುವ ಹುಡುಗರು ಮಾತ್ರ ಅಲ್ಲ. ತಾಲೂಕು ಕೇಂದ್ರದಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವ ಡಿಟಿಪಿ ಸೆಂಟರ್‌ಗಳಿವೆ. ಮದುವೆ ಆಲ್ಬಮ್ ಮಾಡುವ ಸಣ್ಣ ಸ್ಟುಡಿಯೋಗಳಿವೆ. ಅವರ ಇಡೀ ಸೀಸನ್ ಒಂದು ಹಳೇ ಕಂಪ್ಯೂಟರ್ ಮೇಲೆ ನಿಂತಿರುತ್ತದೆ. ಅವರು ಸಾವಿರಾರು ರೂಪಾಯಿ ಕೊಟ್ಟು ಹೊಸ ಕಾರ್ಡ್ ಹಾಕಿಸುತ್ತಾರೆ. ವಾರ ಬಿಟ್ಟು ಅದೇ ತೊಂದರೆ ವಾಪಸ್ ಬರುತ್ತದೆ. ಆಗ ಆ ದುಡ್ಡಿಗೆ ಯಾರು ಹೊಣೆ?

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಎನ್‌ವಿಡಿಯಾ ಜಿಟಿಎಕ್ಸ್ 1060. 2016ರ ಜುಲೈನಲ್ಲಿ ಬಂದ ಕಾರ್ಡ್. ಆನ್‌ಲೈನ್‌ನಲ್ಲಿ ಗೇಮ್ ಮಾರುವ ಸ್ಟೀಮ್‌ನವರ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಈಗಲೂ ಬೇಕಾದಷ್ಟು ಮನೆಗಳಲ್ಲಿ ಇದೆ. ಜೊತೆಗೆ ಆರನೇ ತಲೆಮಾರಿನ ಐ5 ಪ್ರೊಸೆಸರ್, ಕ್ಯಾಬಿನೆಟ್ ಜೊತೆಗೇ ಬಂದ ಪವರ್ ಸಪ್ಲೈ, ಒಳಗೆ ಒಂದು ಪದರ ಧೂಳು. ಇಂಥ ಮೆಷಿನ್ ನೀವೆಲ್ಲಾ ನೋಡಿರುತ್ತೀರಿ.

ಮೊದಲು ಕೇಳಬೇಕಾದ್ದು, ಗೆರೆಗಳು ಯಾವಾಗ ಬರುತ್ತವೆ? ಬಟನ್ ಒತ್ತಿದ ಕೂಡಲೇ, ಮದರ್‌ಬೋರ್ಡ್ ಲೋಗೋ ಮೇಲೆಯೇ ಬಂದರೆ ಅದು ಡ್ರೈವರ್, ಅಂದ್ರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್‌ನ ತಪ್ಪಲ್ಲ. ಆ ಹೊತ್ತಿಗೆ ವಿಂಡೋಸ್ ಡ್ರೈವರ್ ಇನ್ನೂ ಎದ್ದೇ ಇರುವುದಿಲ್ಲ. ವಿಂಡೋಸ್ ಬಂದ ಮೇಲೆ ಮಾತ್ರ ಬಂದರೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಅದನ್ನು ನಿಮ್ಮ ಫೋನಿಗೆ ಕಳಿಸಿಕೊಂಡು ನೋಡಿ. ಫೋನಿನಲ್ಲೂ ಗೆರೆ ಕಂಡರೆ ಚಿತ್ರ ಹಾಳಾಗಿರುವುದು ಕಂಪ್ಯೂಟರ್ ಒಳಗೇ. ಕಾಣಲಿಲ್ಲ ಅಂದ್ರೆ ಕೇಬಲ್ ಅಥವಾ ಮಾನಿಟರ್ ಮೇಲೆ ಅನುಮಾನ ಪಡಿ. ಬೇರೆ ಎಚ್‌ಡಿಎಂಐ ಕೇಬಲ್ ಹಾಕಿ, ಆಗದಿದ್ದರೆ ಮನೆಯ ಟಿವಿಗೆ ಜೋಡಿಸಿ ನೋಡಿ. ಒಂದು ರೂಪಾಯಿ ಖರ್ಚಿಲ್ಲ.

ಈಗ ಪವರ್ ಸಪ್ಲೈ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕಂದ್ರೆ ಕಾರ್ಡ್ ಮೇಲೆ ಬರುವ ಸುಳ್ಳು ಆರೋಪಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ ಅನ್ನುವುದು ನನ್ನ ನಂಬಿಕೆ. ಜಿಟಿಎಕ್ಸ್ 1060ಗೆ ಬೇಕಾದ್ದು 120 ವ್ಯಾಟ್. ಮದರ್‌ಬೋರ್ಡ್ ಸ್ಲಾಟ್ 75 ವ್ಯಾಟ್‌ವರೆಗೆ ಕೊಡಬಹುದು. ಉಳಿದದ್ದು 6 ಪಿನ್ ಕೇಬಲ್‌ನಿಂದ ಬರಬೇಕು, ಅದರ ಮಿತಿಯೂ 75 ವ್ಯಾಟ್. ಪವರ್ ಸಪ್ಲೈ ಹಳೆಯದಾದಂತೆ ವೋಲ್ಟೇಜ್ ಏರಿಳಿಯದಂತೆ ನೋಡಿಕೊಳ್ಳುವ ಅದರೊಳಗಿನ ಕೆಪಾಸಿಟರ್‌ಗಳು ಬಿಸಿಗೆ ಒಣಗುತ್ತವೆ. ಸುಮ್ನೆ ಡೆಸ್ಕ್‌ಟಾಪ್ ನೋಡುತ್ತಿರುವಾಗ ಎಲ್ಲಾ ಸರಿಯಾಗಿರುತ್ತದೆ. ಕೆಲಸ ಜೋರಾದಾಗ ವೋಲ್ಟೇಜ್ ಕುಸಿಯುತ್ತದೆ, ಮೆಷಿನ್ ಬೀಳುತ್ತದೆ. ನಮ್ಮ ರೈತರು ಪಂಪ್‌ಸೆಟ್ ಗುಂಯ್ ಅಂತ ನಿಂತರೆ ಮೋಟರ್ ಸುಟ್ಟಿದೆ ಅಂತ ಬಿಚ್ಚೋದಿಲ್ಲ, ಮೊದಲು ಮೂರೂ ಫೇಸ್ ಬರ್ತಿದೆಯಾ ಅಂತ ನೋಡುತ್ತಾರೆ. ಕಂಪ್ಯೂಟರ್ ವಿಷಯದಲ್ಲಿ ಆ ವಿವೇಕ ಎಲ್ಲಿ ಹೋಗುತ್ತದೆ?

ಲಕ್ಷಣದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಸ್ಕ್ರೀನ್ ಒಂದೆರಡು ಕ್ಷಣ ಕಪ್ಪಾಗಿ ಮತ್ತೆ ಬಂದರೆ, ಕಾರ್ಡ್ 2 ಸೆಕೆಂಡ್ ಉತ್ತರ ಕೊಡಲಿಲ್ಲ ಅಂತ ವಿಂಡೋಸ್ ಡ್ರೈವರನ್ನು ಹೊಸದಾಗಿ ಎಬ್ಬಿಸಿದೆ ಅಂತ ಅರ್ಥ. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆರೆದರೆ ಅಲ್ಲಿ 4101 ಅನ್ನುವ ನಂಬರ್ ಸಿಗಬಹುದು. ಇಡೀ ಮೆಷಿನ್ ಸ್ವಿಚ್ ಆರಿಸಿದ ಹಾಗೆ ಆಫ್ ಆಗಿ, ಆಮೇಲೆ ಅಲ್ಲೇ ಕರ್ನಲ್ ಪವರ್ 41 ಅಂತ ದಾಖಲಾಗಿದ್ದರೆ ಪವರ್ ಸಪ್ಲೈಯನ್ನು ಮೊದಲು ನೋಡಿ. ಈ 41 ಅಂದ್ರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಅಷ್ಟೇ. ಅದೇ ಪೂರ್ತಿ ಸಾಕ್ಷಿ ಅಲ್ಲ, ಆದರೆ ದಾರಿ ತೋರಿಸುತ್ತದೆ.

12 ವೋಲ್ಟ್ ಲೈನ್ 11.4ಕ್ಕಿಂತ ಕೆಳಗೆ ಇಳಿಯಬಾರದು. ಆದರೆ ಮಲ್ಟಿಮೀಟರ್ 12 ತೋರಿಸಿತು ಅಂತ ನೆಮ್ಮದಿಯಾಗಬೇಡಿ. ಕೆಪಾಸಿಟರ್ ಸೋತಾಗ ವೋಲ್ಟೇಜ್ ಅತಿ ವೇಗದಲ್ಲಿ ಏರಿಳಿಯುತ್ತದೆ, ಸಾಮಾನ್ಯ ಮೀಟರ್ ಅದನ್ನು ಹಿಡಿಯುವುದಿಲ್ಲ. ನಂಬಬಹುದಾದ ಪರೀಕ್ಷೆ ಅಂದ್ರೆ ಗೆಳೆಯರ ಹತ್ತಿರ ಒಳ್ಳೆಯ ಪವರ್ ಸಪ್ಲೈ ತಂದು ಹಾಕಿ ನೋಡುವುದು. ನಿಮ್ಮದನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯದ ವೋಲ್ಟೇಜ್ ಉಳಿದಿರುತ್ತದೆ.

ಬಿಸಿಯ ಬಗ್ಗೆ ಎಲ್ಲರಿಗೂ ಗೊತ್ತು, ಆದರೆ ಅರ್ಧ ಗೊತ್ತು. ಕಾರ್ಡ್ 70 ಡಿಗ್ರಿ ತೋರಿಸಿದರೆ ಬಿಸಿಯ ತೊಂದರೆ ಇಲ್ಲ ಅಂತ ಬಿಟ್ಟುಬಿಡುತ್ತಾರೆ. ಆ ಲೆಕ್ಕ ನಡುವಿನ ಚಿಪ್‌ನದ್ದು ಮಾತ್ರ. 1060ರಲ್ಲಿ ಮೆಮೊರಿ ಚಿಪ್‌ಗಳ ಬಿಸಿ ಸಾಫ್ಟ್‌ವೇರ್‌ನಲ್ಲಿ ಕಾಣುವುದೇ ಇಲ್ಲ. ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಬಿಚ್ಚಿ ಪೇಸ್ಟ್ ಹಚ್ಚುವವರು, ಮೆಮೊರಿಯ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪ್ಯಾಡ್ ಹರಿದುಹಾಕಿದರೆ ಚಿಪ್ ತಣ್ಣಗಿರುತ್ತದೆ, ಮೆಮೊರಿ ಬೇಯುತ್ತದೆ. ಹಾಗಾಗಿ ಮೊದಲು ಧೂಳು ತೆಗೆಯಿರಿ, ಫ್ಯಾನ್ ಬೆರಳಲ್ಲಿ ಹಿಡಿದುಕೊಂಡು. ಕಾರ್ಡ್ ತೆಗೆದು ಸ್ಲಾಟ್‌ಗೆ ಮತ್ತೆ ಕೂರಿಸಿ. ಇಷ್ಟಕ್ಕೇ ಸರಿಹೋಗುವ ಮೆಷಿನ್‌ಗಳು ಇವೆ.

ಇನ್ನೂ ಸರಿಯಾಗಲಿಲ್ಲವೇ? ಸೇಫ್ ಮೋಡ್‌ನಲ್ಲಿ ಡಿಡಿಯು ಅನ್ನುವ ಪ್ರೋಗ್ರಾಂ ಓಡಿಸಿ ಹಳೇ ಡ್ರೈವರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಆಮೇಲೆ ಕಾರ್ಡನ್ನು ತೆಗೆದಿಟ್ಟು ಮಾನಿಟರನ್ನು ಮದರ್‌ಬೋರ್ಡ್‌ಗೇ ಜೋಡಿಸಿ, ದಿನದ ಕೆಲಸ ಮಾಡಿ. ಆರನೇ ತಲೆಮಾರಿನ ಐ5ಗಳಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಒಳಗೇ ಇರುತ್ತದೆ. ಕಾರ್ಡ್ ಇಲ್ಲದೆಯೂ ಹ್ಯಾಂಗ್ ಆದರೆ ಕಾರ್ಡ್ ಮೇಲಿನ ದೂರು ಬಿದ್ದುಹೋಯಿತು. ಆಗ ಮೆಮ್‌ಟೆಸ್ಟ್86 ಅನ್ನುವ ಪ್ರೋಗ್ರಾಂ ಹಾಕಿ ರ‍್ಯಾಮ್ ನೋಡಿ.

ಕಾರ್ಡ್ ಇದ್ದಾಗ ಮಾತ್ರ ಚೌಕಗಳು ಬರುತ್ತವೆ, ಲೋಗೋ ಮೇಲೆಯೂ ಬರುತ್ತವೆ, ಆಫ್ಟರ್‌ಬರ್ನರ್ ಅನ್ನುವ ಪ್ರೋಗ್ರಾಂನಲ್ಲಿ ಕಾರ್ಡಿನ ಮೆಮೊರಿ ವೇಗ ಇಳಿಸಿದರೆ ಕಡಿಮೆಯಾಗುತ್ತವೆ, ಓಸಿಸಿಟಿ ಅನ್ನುವ ಪ್ರೋಗ್ರಾಂನ ವೀಡಿಯೋ ಮೆಮೊರಿ ಟೆಸ್ಟ್‌ನಲ್ಲಿ ತಪ್ಪುಗಳು ಬರುತ್ತವೆ, ಇನ್ನೊಂದು ಕಂಪ್ಯೂಟರ್‌ಗೆ ಹಾಕಿದರೂ ಅದೇ ಕಥೆ. ಈಗ ಹೇಳಿ, ಕಾರ್ಡ್ ಹೋಗಿದೆ ಅಂತ. ಈ ಮಾತನ್ನು ನಾನೂ ಒಪ್ಪುತ್ತೇನೆ.

ಇಲ್ಲಿಗೆ ಬಂದ ಮೇಲೆ ಒಂದು ಕೆಟ್ಟ ಸಲಹೆ ಸಿಗುತ್ತದೆ. ಓವನ್‌ನಲ್ಲಿ ಬಿಸಿ ಮಾಡಿ, ಹೀಟ್ ಗನ್ ಹಿಡಿಯಿರಿ, ಬದುಕುತ್ತದೆ ಅಂತ. ದಯವಿಟ್ಟು ಬೇಡ. ಈ ಮಾತು ಹುಟ್ಟಿದ್ದಕ್ಕೆ ಒಂದು ಹಿನ್ನೆಲೆ ಇದೆ. 2008ರ ಜುಲೈನಲ್ಲಿ ಎನ್‌ವಿಡಿಯಾ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ವಸ್ತು ದುರ್ಬಲವಾಗಿದೆ ಅಂತ ಒಪ್ಪಿಕೊಂಡು, ಆ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಸಿಲಿಕಾನ್ ಮತ್ತು ಅದರ ಕೆಳಗಿನ ಹಲಗೆಯ ನಡುವಿನ ಸಣ್ಣ ಬೆಸುಗೆಗಳು ಬಿರುಕು ಬಿಡುತ್ತಿದ್ದವು. ಬಿಸಿ ಮಾಡಿದರೆ ಲೋಹ ಹಿಗ್ಗಿ ಬಿರುಕು ಸ್ವಲ್ಪ ದಿನ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಬಿಡುತ್ತಿತ್ತು. ಅದು ರಿಪೇರಿ ಅಲ್ಲ. ಸತ್ತ ಮೆಮೊರಿ ಚಿಪ್ ಅಂತೂ ಓವನ್‌ನಿಂದ ಬದುಕುವುದಿಲ್ಲ. ಪ್ಲಾಸ್ಟಿಕ್ ಕರಗುತ್ತದೆ, ಕೆಪಾಸಿಟರ್ ಕೆಡುತ್ತದೆ, ಅಡುಗೆ ಮಾಡುವ ಓವನ್‌ಗೆ ಆ ಹೊಗೆ ತುಂಬುತ್ತದೆ. ಹೀಗೆ ಬಿಸಿ ಮಾಡಿದ ಕಾರ್ಡನ್ನು ಒರೆಸಿ, ಟೆಸ್ಟೆಡ್ ಅಂತ ಚೀಟಿ ಅಂಟಿಸಿ ಮಾರುವುದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ, ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ದುಡ್ಡು ಕೊಡುವ ಮುಂಚೆ ಅರ್ಧ ಗಂಟೆ ಜೋರು ಕೆಲಸ ಕೊಟ್ಟು ಓಡಿಸಿ ತೋರಿಸಿ ಅಂತ ಕೇಳಿ. ಹೀಗೆ ಕೇಳಲು ಸಂಕೋಚ ಬೇಡ.

ಕಾರ್ಡ್ ನಿಜಕ್ಕೂ ಹೋಗಿದ್ದರೆ ಹೊಸದಕ್ಕೆ ಎಷ್ಟು ಸುರಿಯಬೇಕು? ಇಷ್ಟು ಹಳೇ ಮೆಷಿನ್‌ಗೆ ಜಾಸ್ತಿ ಸುರಿಯಬೇಡಿ ಅಂತ ನನ್ನ ಅಭಿಪ್ರಾಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆರನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆಲ್ಬಮ್, ಡಿಟಿಪಿ ಕೆಲಸಕ್ಕೆ ಜಿಟಿಎಕ್ಸ್ 1650 ಸಾಕು. ಅದು 75 ವ್ಯಾಟ್‌ನ ಕಾರ್ಡ್. ಪವರ್ ಕೇಬಲ್ ಬೇಡದ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ. ಉಳಿದ ದುಡ್ಡಲ್ಲಿ ಒಂದು ಒಳ್ಳೆಯ ಪವರ್ ಸಪ್ಲೈ ಹಾಕಿಸಿ. ಮುಂದೆ ಹೊಸ ಮೆಷಿನ್ ಕಟ್ಟಿಸಿದಾಗ ಅದು ಅಲ್ಲಿಗೂ ಬರುತ್ತದೆ.