ದೋಣಿಯ ಬಿರಡೆ ಹಾಳಾಗುವುದು ನೀರಿನಲ್ಲಲ್ಲ, ದಂಡೆಯಲ್ಲಿ

[ದೃಶ್ಯ: ಸೂಳೆಕೆರೆಯ ದಂಡೆ, ಬೆಳಿಗ್ಗೆ. ನಾಲ್ಕು ಸೈಜುಗಲ್ಲಿನ ಮೇಲೆ ನಿಂತಿರುವ ಅಲ್ಯೂಮಿನಿಯಂ ದೋಣಿ. ನಿರೂಪಕ ಅದರೊಳಗೆ ಬಿಂದಿಗೆಯಿಂದ ನೀರು ಸುರಿಯುತ್ತಿದ್ದಾನೆ.]

ನಮಸ್ಕಾರ. ಕೆರೆ ಪಕ್ಕದಲ್ಲೇ ಇದೆ, ಆದರೂ ದೋಣಿಯೊಳಗೆ ನೀರು ಸುರಿಯುತ್ತಿದ್ದೇನೆ. ಇದು ಒಂದನೇ ಬಿಂದಿಗೆ. ಇದು ಎರಡನೆಯದು. ಎರಡೂ ಸೇರಿ ಸುಮಾರು 30 ಲೀಟರ್. ದೋಣಿಯ ಹಿಂಬದಿ ತೂತಿನ ಕೆಳಗೆ ಹಳೇ ಪೇಪರ್ ಹಾಸಿದ್ದೇನೆ. ಅದು ಹಾಗೇ ಇರಲಿ. ವಿಡಿಯೋ ಮುಗಿಯುವ ಹೊತ್ತಿಗೆ ನೋಡೋಣ.

[ದೃಶ್ಯ: ಟ್ರಾನ್ಸಮ್‌ನ ಕೆಳಗಿನ ತೂತು, ಹತ್ತಿರದಿಂದ.]

ಮೋಟರ್ ಕೂರಿಸುವ ಈ ಹಿಂಬದಿ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಅದರ ಅಡಿಯಲ್ಲಿ ಈ ತೂತು ಇದೆ. ಮಳೆ ನೀರು, ಬಲೆಯಿಂದ ಸೋರಿದ ನೀರು, ಅಲೆ ಚಿಮ್ಮಿ ಒಳಬಂದ ನೀರು, ಎಲ್ಲ ಹರಿದು ಬಂದು ನಿಲ್ಲುವುದು ಇಲ್ಲೇ. ದಂಡೆಗೆ ಎಳೆದ ಮೇಲೆ ತೆಗೆಯಬೇಕು, ನೀರಿಗೆ ಇಳಿಸುವ ಮುಂಚೆ ಹಾಕಬೇಕು. ಹಾಕುವ ವಸ್ತುವೇ ಡ್ರೈನ್ ಪ್ಲಗ್. ನಮ್ಮ ಮಾತಿನಲ್ಲಿ ಬಿರಡೆ.

ತೂತು ಒಂದು ಇಂಚು ಅಗಲ. ಜನ, ಬಲೆ, ಮೋಟರ್ ಎಲ್ಲ ತುಂಬಿದಾಗ ಅದು ನೀರಿನ ಮಟ್ಟಕ್ಕಿಂತ ಅರ್ಧ ಅಡಿ ಕೆಳಗೆ ಹೋಯಿತು ಎಂದುಕೊಳ್ಳಿ. ಬಿರಡೆ ಇಲ್ಲದಿದ್ದರೆ ಸೆಕೆಂಡಿಗೆ ಸುಮಾರು ಅರ್ಧ ಲೀಟರ್ ಒಳಬರುತ್ತದೆ. ಅಂದರೆ ನಾನೀಗ ಸುರಿದ ಎರಡು ಬಿಂದಿಗೆ ಒಂದೇ ನಿಮಿಷಕ್ಕೆ ಬರುತ್ತದೆ. ಮೂರು ನಿಮಿಷಕ್ಕೆ ಒಬ್ಬ ದಪ್ಪ ಮನುಷ್ಯನ ತೂಕ. ಅದೂ ಒಂದು ಕಡೆ ಕೂರದ ಮನುಷ್ಯ. ದೋಣಿ ಎಡಕ್ಕೆ ವಾಲಿದರೆ ಆ ನೀರೂ ಎಡಕ್ಕೇ ಓಡುತ್ತದೆ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಎಷ್ಟೋ ದೋಣಿಗಳು ತುಂಬಿ ಮುಳುಗುವ ಮೊದಲೇ ಮಗುಚುವುದು ಇದರಿಂದಲೇ.

[ದೃಶ್ಯ: ಅಂಗೈ ಮೇಲೆ ಬಿರುಕು ಬಿಟ್ಟ ಹಳೆಯ ರಬ್ಬರ್ ಪ್ಲಗ್.]

ಇದು ನಮ್ಮ ಮಾವನ ದೋಣಿಯದು. ಮೂರು ವರ್ಷದ ಹಿಂದೆ ಜೂನ್‌ನಲ್ಲಿ ನಾವಿಬ್ಬರೂ ಹೊರಟಿದ್ದೆವು. ಬೇಸಿಗೆ ಪೂರ್ತಿ ದೋಣಿ ದಂಡೆಯಲ್ಲೇ ಇತ್ತು, ಬಿರಡೆ ಬಿಗಿದೇ ಇತ್ತು. ಹಾಕಿಯೇ ಇದೆಯಲ್ಲ ಎಂದು ಇಬ್ಬರೂ ಮುಟ್ಟಿಯೂ ನೋಡಲಿಲ್ಲ. ಇನ್ನೂರು ಮೀಟರ್ ಹೋಗಿರಬಹುದು, ದೋಣಿ ತಿರುಗುವುದಕ್ಕೆ ತಡ ಮಾಡತೊಡಗಿತು. ಹಲಗೆ ಎತ್ತಿ ನೋಡಿದರೆ ಕೆಳಗೆಲ್ಲ ನೀರು. ಮಾವನಿಗೆ ಈಜು ಬರುವುದಿಲ್ಲ. ಅವರ ಕೈ ನಡುಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ದಂಡೆ ಹತ್ತಿರವಿತ್ತು, ವಾಪಸ್ ಬಂದೆವು. ಅಷ್ಟೇ ನಮ್ಮ ಪುಣ್ಯ.

ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಯಿತು, ಈ ಬಿರಡೆ ಹಾಳಾಗಿದ್ದು ನೀರಿನಲ್ಲಿ ಅಲ್ಲ. ನಾಲ್ಕು ತಿಂಗಳು ಬಿಸಿಲಲ್ಲಿ, ದಂಡೆಯ ಮೇಲೆ. ನಮ್ಮ ಸೀಮೆಯ ಕಥೆಯೇ ಹಾಗೆ, ಅಲ್ವಾ? ಕೆರೆ ಒಂದು ವರ್ಷ ತುಂಬುತ್ತದೆ, ಮುಂದಿನ ವರ್ಷ ಹಿಂದೆ ಸರಿಯುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಕಡೆ ದೋಣಿ ನೀರಿಗಿಂತ ನೆಲದ ಮೇಲೇ ಜಾಸ್ತಿ ದಿನ ಇರುತ್ತದೆ. ಸಮುದ್ರದ ಕಡೆಯವರಿಗೆ ಉಪ್ಪಿನ ಭಯ. ನಮಗೆ ಬಿಸಿಲು, ಧೂಳು, ಮರೆವು.

[ದೃಶ್ಯ: ಮೇಜಿನ ಮೇಲೆ ಮೂರು ಬಗೆಯ ಪ್ಲಗ್‌ಗಳು, ಪಕ್ಕದಲ್ಲಿ ವರ್ನಿಯರ್.]

ಬಿರಡೆ ಕೊಳ್ಳುವ ಮುಂಚೆ ನಿಮ್ಮ ತೂತಿಗೆ ಬೆರಳು ಹಾಕಿ ನೋಡಿ. ಒಳಗೆ ನುಣ್ಣಗಿದೆಯಾ, ಇಲ್ಲ ಬೋಲ್ಟಿನ ಹಾಗೆ ಥ್ರೆಡ್ ಇದೆಯಾ?

ನುಣ್ಣಗಿದ್ದರೆ ಹಿಗ್ಗುವ ರಬ್ಬರ್ ಪ್ಲಗ್ ಬೇಕು. ಮಧ್ಯೆ ಒಂದು ಕಡ್ಡಿ, ಸುತ್ತ ರಬ್ಬರ್. ಹಿಡಿ ತಿರುಗಿಸಿದರೆ ಅಥವಾ ಲಿವರ್ ಮಡಚಿದರೆ ರಬ್ಬರ್ ಅದುಮಿಕೊಂಡು ಅಗಲವಾಗುತ್ತದೆ, ತೂತಿನ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಹೆಚ್ಚಾಗಿ ಸಿಗುವುದು ಎರಡು ಅಳತೆ: ಒಂದು ಇಂಚು, ಒಂದೂಕಾಲು ಇಂಚು. ಅಂದರೆ 25 ಮಿಲಿಮೀಟರ್ ಚಿಲ್ಲರೆ ಮತ್ತು ಸುಮಾರು 32 ಮಿಲಿಮೀಟರ್. ಸುಮ್ನೆ ಕಣ್ಣಂದಾಜಿನಲ್ಲಿ ತರಬೇಡಿ, ವರ್ನಿಯರ್ ಇಟ್ಟು ಅಳೆಯಿರಿ. ಸಡಿಲವಾಗಿರುವ ಪ್ಲಗ್ ಅನ್ನು ಜಾಸ್ತಿ ಹಿಗ್ಗಿಸಿ ಕೂರಿಸಿದರೆ ಅವತ್ತು ಹಿಡಿಯುತ್ತದೆ, ಆದರೆ ರಬ್ಬರ್ ಬೇಗ ಸೀಳುತ್ತದೆ.

ಲಿವರ್ ಒಳ್ಳೆಯದಾ, ತಿರುಗಿಸುವ ಹಿಡಿ ಒಳ್ಳೆಯದಾ? ಬಲೆ ಬಿಡುವವರಿಗೆ ನಾನು ಹೇಳುವುದು ತಿರುಗಿಸುವ ಹಿಡಿ. ಲಿವರ್‌ಗೆ ಬಲೆಯ ನೂಲು ಸಿಕ್ಕಿಕೊಳ್ಳುತ್ತದೆ, ಎಳೆದರೆ ಟಕ್ ಎಂದು ತೆರೆದುಕೊಳ್ಳುತ್ತದೆ. ಕಾಲು ತಾಗಿದರೂ ಅಷ್ಟೇ. ಹಾಕುವುದು ಒಳಗಿನಿಂದ. ಹೊರಗಿನಿಂದ ಹಾಕಿದರೆ ದೋಣಿ ಎಳೆಯುವಾಗ ದಂಡೆಯ ಕಲ್ಲಿಗೆ ಉಜ್ಜುತ್ತದೆ. ನೀರಿನ ಮಧ್ಯೆ ಬಿದ್ದುಹೋದರೆ ಕೈಗೂ ಎಟುಕುವುದಿಲ್ಲ.

ಥ್ರೆಡ್ ಇರುವ ತೂತಿನದು ಬೇರೆ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಏಕೆಂದರೆ ನಮ್ಮವರು ಜಾಸ್ತಿ ಮೋಸ ಹೋಗುವುದು ಇಲ್ಲೇ.

[ದೃಶ್ಯ: ಎರಡು ಹಿತ್ತಾಳೆ ಪ್ಲಗ್‌ಗಳು ಪಕ್ಕಪಕ್ಕದಲ್ಲಿ. ನೋಡಲು ಒಂದೇ ಥರ.]

ಇವೆರಡೂ ಅರ್ಧ ಇಂಚಿನ ಪ್ಲಗ್. ಅಳೆದು ನೋಡಿದರೆ ಎರಡೂ ಸುಮಾರು 21 ಮಿಲಿಮೀಟರ್ ಬರುತ್ತವೆ. ಗಾಬರಿ ಬೇಡ, ಪೈಪಿನ ಲೆಕ್ಕದಲ್ಲಿ ಅರ್ಧ ಇಂಚು ಎಂದರೆ ಅಷ್ಟೇ. ಎರಡಕ್ಕೂ ಇಂಚಿಗೆ 14 ಸುತ್ತು ಥ್ರೆಡ್. ಒಂದು ನಮ್ಮ ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯದು, ನಲ್ಲಿ ಪೈಪಿಗೆ ಹಾಕುವ ಬಿಎಸ್‌ಪಿ ಥ್ರೆಡ್. ಇನ್ನೊಂದು ಆನ್‌ಲೈನ್‌ನಲ್ಲಿ ತರಿಸಿದ್ದು, ಅಮೆರಿಕದ ಎನ್‌ಪಿಟಿ ಥ್ರೆಡ್. ಬಿಎಸ್‌ಪಿಯ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60 ಡಿಗ್ರಿ. ಒಂದರೊಳಗೆ ಇನ್ನೊಂದು ಹಾಕಿದರೆ ಕೆಲವು ಸುತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೂತಿತು ಎಂದುಕೊಳ್ಳುತ್ತೀರಿ. ನಿಜವಾಗಿ ಹಲ್ಲಿಗೆ ಹಲ್ಲು ಸೇರಿರುವುದಿಲ್ಲ, ಮಧ್ಯದ ಸಂದಿಯಲ್ಲಿ ನೀರು ಸುತ್ತಿಕೊಂಡು ಒಳಬರುತ್ತದೆ. ಇನ್ನೂ ಬಿಗಿ ಮಾಡೋಣ ಎಂದು ಸ್ಪ್ಯಾನರ್ ಹಾಕಿದರೆ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಆಗ ಹೋಗುವುದು ಪ್ಲಗ್ ಅಲ್ಲ, ದೋಣಿ.

ಹಾಗಾಗಿ ದೋಣಿ ಮಾಡಿದವರನ್ನು ಕೇಳಿ: ಬೆಸುಗೆ ಹಾಕಿದ ಸಾಕೆಟ್ ಯಾವುದು? ಇಲ್ಲೇ ಫ್ಯಾಬ್ರಿಕೇಶನ್ ಮಾಡಿಸಿದ್ದರೆ ಬಿಎಸ್‌ಪಿ ಇರುವ ಸಾಧ್ಯತೆಯೇ ಜಾಸ್ತಿ. ಹೊರದೇಶದ ದೋಣಿಯಾದರೆ ಎನ್‌ಪಿಟಿ ಇರಬಹುದು. ಕೈಯಲ್ಲಿ ತಿರುಗಿಸಿ ಬಿಗಿಯಾದ ಮೇಲೆ ಕಾಲು ಸುತ್ತು ಸಾಕು.

ಈಗ ಲೋಹ. ಹಿತ್ತಾಳೆ ಗಟ್ಟಿ, ತುಕ್ಕು ಹಿಡಿಯುವುದಿಲ್ಲ ಎಂದು ನಮಗೆಲ್ಲ ನಂಬಿಕೆ. ಅದು ಹಿತ್ತಾಳೆಯ ಮಟ್ಟಿಗೆ ನಿಜ. ಆದರೆ ಹಿತ್ತಾಳೆಯಲ್ಲಿ ತಾಮ್ರ ಇದೆ. ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡು ನಡುವೆ ನೀರು ನಿಂತರೆ ಅದೇ ಒಂದು ಸಣ್ಣ ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಥ್ರೆಡ್ ಸುತ್ತ ಬಿಳಿ ಪುಡಿ ಕಂಡರೆ ಅದು ಸುಣ್ಣವೂ ಅಲ್ಲ, ಧೂಳೂ ಅಲ್ಲ, ನಿಮ್ಮ ದೋಣಿಯೇ ಪುಡಿಯಾಗಿ ಉದುರುತ್ತಿರುವುದು. ಉಪ್ಪುನೀರಿನಲ್ಲಿ ಇದು ಬೇಗ ಆಗುತ್ತದೆ. ನಮ್ಮ ಸಿಹಿನೀರಿನಲ್ಲಿ ನಿಧಾನ, ಆದರೆ ನಿಲ್ಲುವುದಿಲ್ಲ.

ಥ್ರೆಡ್ ತೂತಿಗೆ ನನ್ನ ಆಯ್ಕೆ ನೈಲಾನ್ ಪ್ಲಗ್. ಸವೆದರೆ ಪ್ಲಗ್ ಸವೆಯಲಿ, ದೋಣಿ ಉಳಿಯಲಿ. ಹಿಗ್ಗುವ ಪ್ಲಗ್‌ನ ಕಡ್ಡಿ ಹಿತ್ತಾಳೆಯದಾಗಿದ್ದರೂ ದೋಣಿಗೆ ತಾಗುವುದು ರಬ್ಬರ್ ಮಾತ್ರ, ಆದ್ದರಿಂದ ಅಷ್ಟು ಚಿಂತೆ ಇಲ್ಲ. ಆದರೆ ಪ್ಲಗ್ ಕಳೆದುಹೋಗದಿರಲಿ ಎಂದು ಕೆಲವರು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಉಳಿದ ತಾಮ್ರದ ತಂತಿಯಿಂದ ಕಟ್ಟುತ್ತಾರೆ. ದಯವಿಟ್ಟು ಬೇಡ. ನೈಲಾನ್ ದಾರ ಕಟ್ಟಿ. ಗ್ರೀಸ್ ಹಚ್ಚುವಾಗಲೂ ತಾಮ್ರದ ಪುಡಿ ಅಥವಾ ಗ್ರಾಫೈಟ್ ಬೆರೆಸಿದ ಗ್ರೀಸ್ ಬೇಡ. ಅವೆರಡೂ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ.

[ದೃಶ್ಯ: ಪ್ಲಗ್ ತೊಳೆಯುತ್ತಿರುವ ಕೈಗಳು.]

ದೋಣಿ ದಂಡೆಗೆ ಬಂತು. ಮೊದಲ ಕೆಲಸ ಬಿರಡೆ ತೆಗೆಯುವುದು. ತೆಗೆದು ಹಿಡಿಯನ್ನು ಪೂರ್ತಿ ಸಡಿಲ ಮಾಡಿ, ರಬ್ಬರ್ ತನ್ನ ಮೂಲ ಆಕಾರಕ್ಕೆ ಬರಲಿ. ಬಿಸಿಲಲ್ಲಿ ಕಾದ ದೋಣಿಯೊಳಗೆ ಅದುಮಿಕೊಂಡೇ ತಿಂಗಳುಗಟ್ಟಲೆ ಕೂತ ರಬ್ಬರ್ ಮತ್ತೆ ಹಿಗ್ಗುವುದಿಲ್ಲ. ನಮ್ಮ ಮಾವನ ಪ್ಲಗ್‌ಗೆ ಆಗಿದ್ದು ಅದೇ. ತೊಳೆದು, ಒರೆಸಿ, ನೆರಳಿನಲ್ಲಿ ಇಡಿ. ಪೆಟ್ರೋಲ್ ಕ್ಯಾನಿನ ಪಕ್ಕ ಬೇಡ. ವಾರಕ್ಕೊಮ್ಮೆ ರಬ್ಬರನ್ನು ಬಾಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಹೊಸದು ತನ್ನಿ. ಹೇಗೂ ನಾನು ಪ್ರತಿ ಮುಂಗಾರಿಗೆ ಬದಲಾಯಿಸುತ್ತೇನೆ.

ಬಿರಡೆ ತೆಗೆಯದೆ ಬಿಟ್ಟರೆ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ನಾಲ್ಕು ಚದರ ಮೀಟರ್ ಬಾಯಿ ಇರುವ ದೋಣಿಗೆ 50 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್ ನೀರು. 200 ಕಿಲೋ ಭಾರ ಸೈಜುಗಲ್ಲಿನ ಮೇಲೆ ಕೂತರೆ ತಳ ತಗ್ಗು ಬೀಳುತ್ತದೆ, ರಿವೆಟ್ ಸಡಿಲವಾಗುತ್ತದೆ. ತೆಗೆದಿಟ್ಟರೂ ಆಗಾಗ ಒಂದು ಕಡ್ಡಿ ತೂರಿಸಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ತೂತು ಎಂದರೆ ಬಲು ಇಷ್ಟ. ನೀರಿಗೆ ಇಳಿಸುವ ಮುಂಚೆ ತೂತಿನ ಗೋಡೆಯನ್ನು ಬಟ್ಟೆಯಿಂದ ಒರೆಸಿ. ಕೆರೆಯ ಗೋಡುಮಣ್ಣು ಒಂದು ಪದರ ಒಣಗಿ ಕೂತಿದ್ದರೆ ಹೊಸ ರಬ್ಬರ್ ಕೂಡ ಹಿಡಿಯುವುದಿಲ್ಲ.

ತೂತಿನ ಉಸಾಬರಿಯೇ ಬೇಡ ಎಂದು ಪುಟ್ಟಿ ಮೆತ್ತಿ ಮುಚ್ಚಿಬಿಡುವವರೂ ಇದ್ದಾರೆ. ಆಗ ನೀರು ಒಳಗೇ ನಿಲ್ಲುತ್ತದೆ. ಎಲೆ, ಕೆಸರು, ಒದ್ದೆ ಬಟ್ಟೆಯ ಅಡಿಯಲ್ಲಿ ಗಾಳಿಯಾಡದೆ ಅಲ್ಯೂಮಿನಿಯಂ ಗುಳಿ ಗುಳಿಯಾಗಿ ತಿಂದುಹೋಗುತ್ತದೆ.

ಮರೆವಿಗೆ ನಾವು ಮಾಡಿಕೊಂಡ ಉಪಾಯ ಹೇಳುತ್ತೇನೆ. ಮೋಟರಿನ ಎಂಜಿನ್ ಸ್ವಿಚ್ಚಿಗೆ ಸಿಕ್ಕಿಸುವ ಒಂದು ದಾರ ಇರುತ್ತದೆ, ಅದಿಲ್ಲದೆ ನಮ್ಮ ಮೋಟರ್ ಶುರುವಾಗುವುದಿಲ್ಲ. ದಂಡೆಯಲ್ಲಿರುವಾಗ ಬಿರಡೆಯನ್ನು ಆ ದಾರಕ್ಕೆ ಕಟ್ಟಿ ಮನೆಯಲ್ಲಿ ನೇತುಹಾಕುತ್ತೇವೆ. ಮೋಟರ್ ಶುರು ಮಾಡಬೇಕೆಂದರೆ ಬಿರಡೆ ಕೈಗೆ ಬರಲೇಬೇಕು.

ಇನ್ನೊಂದು. ದೋಣಿಯಲ್ಲಿ ಒಂದು ಮೆತ್ತನೆ ಮರದ ಗೂಟ ಇರಲಿ, ಒಂದು ತುದಿ ಚೂಪು, ಇನ್ನೊಂದು ತುದಿ ದಪ್ಪ. ನೀರಿನ ಮಧ್ಯೆ ಬಿರಡೆ ಕೈಕೊಟ್ಟರೆ ಎಲ್ಲರೂ ಹಿಂದಕ್ಕೆ ಓಡಬೇಡಿ. ಹಾಗೆ ಓಡಿದರೆ ತೂತು ಇನ್ನೂ ಆಳಕ್ಕೆ ಹೋಗುತ್ತದೆ. ಒಬ್ಬರು ಮಾತ್ರ ಹಿಂದೆ ಹೋಗಿ ಗೂಟ ಒತ್ತಿ, ಉಳಿದವರು ಮುಂದೆ ಕೂರಲಿ. ಮರ ನೆನೆದು ಉಬ್ಬಿ ಬಿಗಿಯಾಗುತ್ತದೆ, ದಂಡೆ ಸೇರುವಷ್ಟು ಹೊತ್ತು ಸಿಗುತ್ತದೆ. ಮತ್ತೆ ಲೈಫ್ ಜಾಕೆಟ್ ಮೈಮೇಲೆ ಇರಲಿ, ಸೀಟಿನ ಕೆಳಗೆ ಅಲ್ಲ. ಮಾವ ಈಗ ದಂಡೆಯಲ್ಲೇ ಹಾಕಿಕೊಂಡು ಹತ್ತುತ್ತಾರೆ.

[ದೃಶ್ಯ: ಕ್ಯಾಮೆರಾ ಮತ್ತೆ ದೋಣಿಯ ಹಿಂಬದಿಗೆ. ಪೇಪರ್ ಹತ್ತಿರದಿಂದ.]

ಬನ್ನಿ, ಪೇಪರ್ ನೋಡೋಣ. ನೀರು ಸುರಿದು ಅರ್ಧ ಗಂಟೆಯಾಯಿತು. ಬಿರಡೆಯ ನೇರ ಕೆಳಗೆ ಒಣಗಿದೆ. ಬೆರಳಿಟ್ಟು ನೋಡಿದೆ, ಒಂದು ಹನಿಯೂ ಇಲ್ಲ. ಆದರೆ ಇಲ್ಲಿ ನೋಡಿ, ಒಂದು ಗೇಣು ಎಡಕ್ಕೆ, ರೂಪಾಯಿ ನಾಣ್ಯದಷ್ಟು ಅಗಲ ನೆಂದಿದೆ. ಮೇಲೆ ನೋಡಿದರೆ ಮೂಲೆಯಿಂದ ಎರಡನೇ ರಿವೆಟ್. ಅದರ ತುದಿಯಲ್ಲಿ ಹನಿ ಕಟ್ಟುತ್ತಿದೆ, ಕಾಣಿಸುತ್ತಾ? ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಮಾವನಿಗೆ ಫೋನ್ ಮಾಡಿ ಹೇಳಿದೆ, ಇವತ್ತು ಬಲೆ ಬಿಡುವುದು ಬೇಡ.