ಕಣ್ಣಿನ ಫೋಟೋ ನೋಡಿ ಬೇರು-ನಾರು ಬರೆದುಕೊಡುವ ಸಾಫ್ಟ್‌ವೇರ್

ನಮಸ್ಕಾರ. ಕಣ್ಣಿನ ಫೋಟೋ ತೆಗೆದು, ಲಿವರ್ ಹೀಗಿದೆ, ಕಿಡ್ನಿ ಹಾಗಿದೆ ಅಂತ ಹೇಳಿ, ಕೊನೆಗೆ ಗಿಡಮೂಲಿಕೆಗಳ ಪಟ್ಟಿಯನ್ನೂ ಪ್ರಿಂಟ್ ಹಾಕಿಕೊಡುವ ಸಾಫ್ಟ್‌ವೇರ್‌ಗಳಿವೆ. ಈ ಪದ್ಧತಿಗೆ ಐರಿಡಾಲಜಿ ಅಂತಾರೆ. ದಯವಿಟ್ಟು ಆ ಪ್ರಿಂಟ್ ನಂಬಿ ಔಷಧಿ ಶುರು ಮಾಡಬೇಡಿ.

ಇದು ಹುಟ್ಟಿದ್ದು 19ನೇ ಶತಮಾನದ ಹಂಗೇರಿಯಲ್ಲಿ, ಇಗ್ನಾಜ್ ಪೇಟ್ಸೆಲಿ ಅನ್ನುವ ವೈದ್ಯರಿಂದ. ಪಾಪೆಯ ಸುತ್ತ ಬಣ್ಣದ ಉಂಗುರ ಇದೆಯಲ್ಲ, ಐರಿಸ್, ಅದನ್ನು ಗಡಿಯಾರದ ಹಾಗೆ ಭಾಗ ಮಾಡಿ ಒಂದೊಂದು ಕಡೆ ಒಂದೊಂದು ಅಂಗ ಅಂತ ನಕ್ಷೆ ಬರೆದರು. ಆರು ಗಂಟೆಯ ಆಸುಪಾಸು ಕಿಡ್ನಿ. ಸಾಫ್ಟ್‌ವೇರ್ ನಿಮ್ಮ ಫೋಟೋದ ಮೇಲೆ ಇಂಥದ್ದೇ ನಕ್ಷೆ ಕೂರಿಸಿ, ಕಲೆ ಕಂಡ ಜಾಗಕ್ಕೊಂದು ಮೂಲಿಕೆ ಹೆಕ್ಕುತ್ತದೆ. ನಕ್ಷೆಯೇ ತಪ್ಪಾದರೆ ಕ್ಯಾಮೆರಾ ಎಷ್ಟು ಒಳ್ಳೆಯದಿದ್ದರೇನು?

1979ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷೆಗೇ ಹಚ್ಚಿದರು. 143 ಜನರ ಕಣ್ಣಿನ ಫೋಟೋ, ಅದರಲ್ಲಿ 48 ಮಂದಿಗೆ ಕಿಡ್ನಿ ಕಾಯಿಲೆ ಇದೆ ಅಂತ ಲ್ಯಾಬ್‌ನಲ್ಲಿ ಮೊದಲೇ ಖಚಿತವಾಗಿತ್ತು. ಮೂವರು ಐರಿಡಾಲಜಿ ಪರಿಣತರು ಕೂತು ನೋಡಿದರು. ಕಾಯಿಲೆಯವರು ಯಾರು, ಗಟ್ಟಿಮುಟ್ಟಾದವರು ಯಾರು ಅಂತ ಒಬ್ಬರಿಗೂ ಬೇರ್ಪಡಿಸಲು ಆಗಲಿಲ್ಲ.

ಆಧಾರ್‌ಗೆ ಐರಿಸ್ ಸ್ಕ್ಯಾನ್ ಮಾಡಿಸಿದ್ದೀರಿ ತಾನೇ? ಆ ಗೆರೆಗಳು ವರ್ಷಗಟ್ಟಲೆ ಹೆಚ್ಚುಕಡಿಮೆ ಹಾಗೇ ಇರುತ್ತವೆ ಅನ್ನುವ ಧೈರ್ಯದ ಮೇಲೇ ಅದು ನಿಂತಿದೆ. ಲಿವರ್ ಕೆಟ್ಟಾಗಲೆಲ್ಲ ಗೆರೆ ಬದಲಾಗಿದ್ದರೆ, ನೀವು ನೀವೇ ಅಂತ ಆ ಯಂತ್ರಕ್ಕೆ ಗೊತ್ತಾಗುತ್ತಲೇ ಇರಲಿಲ್ಲ.

ಕಣ್ಣು ಏನೂ ಹೇಳುವುದಿಲ್ಲ ಅಂತಲ್ಲ. ಕಾಮಾಲೆಯಲ್ಲಿ ಬಿಳಿಗುಡ್ಡೆ ಹಳದಿಯಾಗುತ್ತದೆ. ಶುಗರ್‌ನಿಂದ ರೆಟಿನಾಗೆ, ಅಂದರೆ ಕಣ್ಣಿನ ಒಳಗೆ ಹಿಂಬದಿಯ ಪರದೆಗೆ, ಆದ ಹಾನಿಯನ್ನು ಫೋಟೋದಲ್ಲೇ ಹಿಡಿಯುವ ಸಾಫ್ಟ್‌ವೇರ್ ಬಗ್ಗೆ ಗೂಗಲ್‌ನವರು 2016ರಲ್ಲಿ ಅಧ್ಯಯನ ಪ್ರಕಟಿಸಿದರು. ಅದಕ್ಕೆ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಹೋಗಿದ್ದವು. ಅಲ್ಲಿ ಒಂದೊಂದು ಚಿತ್ರವನ್ನೂ ಹಲವು ಕಣ್ಣಿನ ಡಾಕ್ಟರುಗಳು ನೋಡಿ ಗುರುತು ಹಾಕಿದ್ದರು. ಸಾಫ್ಟ್‌ವೇರ್ ಹೇಳಿದ್ದನ್ನು ಅದರೊಂದಿಗೆ ತಾಳೆ ನೋಡಿದರು. ನಾನು ಕೇಳುವುದೂ ಅಷ್ಟೇ, ತಾಳೆ ನೋಡಿ ಆಮೇಲೆ ಮಾರಿ.

ಇನ್ನು ಮೂಲಿಕೆ. 'ಸೊಪ್ಪು ತಾನೇ, ಏನಾಗುತ್ತೆ' ಅನ್ನುವವರಿಗೆ ಬೆಲ್ಜಿಯಂ ಕಥೆ ಹೇಳಲೇಬೇಕು. 1990ರ ದಶಕದ ಶುರುವಿನಲ್ಲಿ ಅಲ್ಲಿ ತೂಕ ಇಳಿಸಲು ಮೂಲಿಕೆ ಮಾತ್ರೆ ತೆಗೆದುಕೊಂಡ ಹೆಂಗಸರ ಕಿಡ್ನಿಗಳೇ ಹೋದವು. ಕಾರಣ ಆ ಮೂಲಿಕೆಯಲ್ಲಿದ್ದ ಅರಿಸ್ಟೊಲೊಕಿಕ್ ಆಮ್ಲ ಅನ್ನುವ ವಿಷ. ನಮ್ಮಲ್ಲಿ ಹಾವಿನ ವಿಷಕ್ಕೆ ಅಂತ ಕೊಡುವ ಈಶ್ವರಿ ಬೇರಿನಲ್ಲೂ ಅದೇ ಇದೆ.

ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮತ್ತು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಈಗಾಗಲೇ ಯಾವುದಾದರೂ ಕಷಾಯ ಕುಡಿಯುತ್ತಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ.